ಕೈ ನಿನಗೆ, ಬಾಯಿ ನಮಗೆ

ಕಡಬ
18 ನವೆಂಬರ್ 2024

ಝಾಕಿರ್,

ವಾಟ್ಸಾಪಿನಲ್ಲಿ ಹಾಕಿದರೆ ನೀನು ಓದದೆಯೇ ಹೆಬ್ಬೆರಳು ಎತ್ತಿ ಸುಮ್ಮನಾಗುತ್ತೀ. ಅದಕ್ಕೇ ಈ ಮೇಲ್. ಪುತ್ತೂರಿನ ಕಾಲೇಜಿನಲ್ಲಿ ಪ್ರೇಮಪತ್ರ ಬರೆದುಕೊಡು ಎಂದು ನಿನ್ನ ಬೆನ್ನು ಬೀಳುತ್ತಿದ್ದವನು ಈಗ ನಿನಗೇ ಉದ್ದುದ್ದ ಬರೆಯುತ್ತಿದ್ದೇನೆ, ನನ್ನ ಹಣೆಬರಹ ನೋಡು.

ವಿಷಯ ಇಷ್ಟು. ಪದ್ಮಯ್ಯ ಮಾವನ ಮಗಳು ಯಶಸ್ವಿಗೆ ಜನವರಿ ಕೊನೆಗೆ ಮರ್ಕಂಜದಲ್ಲಿ ಮದುವೆ. ಮದುಮಗಳು ಮಂಟಪಕ್ಕೆ ನಡೆದು ಬರುವಾಗ ಹಾಕಲು ಒಂದು ಟ್ರ್ಯಾಕ್ ಬೇಕಂತೆ, ಸಿನಿಮಾ ಹಾಡು ಬೇಡವಂತೆ. ಕಡಬದಲ್ಲಿ ಮಕ್ಕಳಿಗೆ ಕೀಬೋರ್ಡ್ ಕಲಿಸುವ ನನ್ನಂಥವನಿಗೆ ಇಷ್ಟು ದೊಡ್ಡ ಅವಕಾಶ ಇನ್ನೆಲ್ಲಿ? ನೀನು ಹಿಂದೆ ಕೇಳಿಸಿದ್ದ ಹೆಂಗಸರ ಚಪ್ಪಾಳೆಯ ತಾಳ ನೆನಪಾಯಿತು, ನಾನು ಕೇಳಿದೆ, ನೀನು ಪ್ರಾಜೆಕ್ಟ್ ಫೈಲ್ ಕಳಿಸಿದೆ. ತೆರೆದರೆ ಚಪ್ಪಾಳೆಯೇ ಇಲ್ಲ! ಶಬ್ದ ನುಡಿಸುವ ನಿನ್ನ ಸ್ಯಾಂಪ್ಲರ್ ಪ್ಲಗಿನ್ ಕೆಂಪು ಪೆಟ್ಟಿಗೆಯೊಂದನ್ನು ತೋರಿಸಿ ಫೈಲುಗಳು ಕಾಣೆಯಾಗಿವೆ ಅನ್ನುತ್ತದೆ. ಪ್ಲಗಿನ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದೆ, ಆಂಟಿವೈರಸ್ ಆಫ್ ಮಾಡಿದೆ, ಕಂಪ್ಯೂಟರಿಗೆ ನಾಲ್ಕು ಬೈದೆ. ಪೆಟ್ಟಿಗೆ ಹಾಗೆಯೇ ನಿಂತಿದೆ. ಏನು ಮಾಡಲಿ ಹೇಳು.

ಲತೀಶ್


ಪುತ್ತೂರು
20 ನವೆಂಬರ್ 2024

ಲತೀಶ,

ನೀನು ಪ್ಲಗಿನ್ನನ್ನು ನೂರು ಸಲ ಇನ್‌ಸ್ಟಾಲ್ ಮಾಡಿದರೂ ಚಪ್ಪಾಳೆ ಬರುವುದಿಲ್ಲ. ಪ್ಲಗಿನ್ನಿನ ಹೊಟ್ಟೆಯೊಳಗೆ ಶಬ್ದ ಇರುವುದಿಲ್ಲ ಮಾರಾಯ, ಅದಕ್ಕೆ ಗೊತ್ತಿರುವುದು ಶಬ್ದದ ವಿಳಾಸ ಮಾತ್ರ. ನನ್ನ ಕಂಪ್ಯೂಟರಿನ ಡಿ ಡ್ರೈವ್, ಅದರಲ್ಲಿ ಚಪ್ಪಾಳೆ ಎಂಬ ಫೋಲ್ಡರ್, ಅಲ್ಲಿಗೆ ಹೋಗಿ ಅದು ಬಾಗಿಲು ತಟ್ಟುತ್ತದೆ. ನಿನ್ನಲ್ಲಿ ಆ ಮನೆಯೇ ಇಲ್ಲದಿದ್ದರೆ ಅದಾದರೂ ಏನು ಮಾಡೀತು? ಫೋಲ್ಡರನ್ನು ಈಗ ಕಳಿಸಿದ್ದೇನೆ. ನನ್ನಲ್ಲಿ ಇದ್ದ ಹಾಗೆಯೇ, ಅದೇ ಜಾಗದಲ್ಲಿ, ಅದೇ ಹೆಸರಿನಲ್ಲಿ ಇಡು. ಆಮೇಲೆ ಪ್ರಾಜೆಕ್ಟ್ ತೆರೆ. ಎಡಗೈಯಲ್ಲಿ ಮಾಡಬೇಡ.

ಮತ್ತೆ, ಆ ಚಪ್ಪಾಳೆ ಇಂಟರ್ನೆಟ್ಟಿನಿಂದ ಇಳಿಸಿದ್ದಲ್ಲ. ನನ್ನ ಅಜ್ಜಿ ಕದೀಜಮ್ಮ ಮತ್ತು ಅವರ ಜೊತೆಯ ಹೆಂಗಸರದ್ದು. ಮದುವೆಮನೆಯಲ್ಲಿ ನಮ್ಮ ಹೆಂಗಸರು ಒಳಕೋಣೆಯಲ್ಲಿ ಸುತ್ತ ಕೂತು ಕೈ ತಟ್ಟಿ ಹಾಡುವುದುಂಟು. ಹೋದ ವರ್ಷ ಅವರ ಕಾಲು ಹಿಡಿದು ಒಪ್ಪಿಸಿ, ಕೋಣೆಯಲ್ಲಿ ಮೈಕ್ ಇಟ್ಟು, ನಾನು ಹೊರಗೆ ಬಂದು ಬಾಗಿಲು ಹಾಕಿದ್ದೆ. ಯಶಸ್ವಿಯ ಮದುವೆಗೆ ಅಂದರೆ ಅಜ್ಜಿಗೂ ಸಂತೋಷವೇ. ಆದರೆ ಆ ತಾಳದ ಮೇಲೆ ನಿನ್ನ ಕೀಬೋರ್ಡಿನ ಕೊಳಲು ಹಾಕಿ ಹಾಳು ಮಾಡಿದೆಯೋ, ಕಡಬಕ್ಕೇ ಬಂದು ಬಾರಿಸುತ್ತೇನೆ.

ಝಾಕಿರ್


ಕಡಬ
25 ನವೆಂಬರ್ 2024

ಗುರುಗಳೇ,

ನೀವು ಹೇಳಿದಂತೆಯೇ ಮಾಡಿದೆ. ಪೆಟ್ಟಿಗೆ ಹೋಗಲಿಲ್ಲ. ತಲೆ ಕೆಟ್ಟು ಎಲ್ಲ ಬಿಚ್ಚಿ ನೋಡಿದಾಗ ತಪ್ಪು ನನ್ನದೇ ಎಂದು ಗೊತ್ತಾಯಿತು. ನೀನು ಇಂಗ್ಲಿಷ್ ಅಕ್ಷರದಲ್ಲಿ ಚಪ್ಪಾಳೆ ಬರೆಯುವಾಗ ಒಂದೇ 'ಪಿ' ಹಾಕಿದ್ದೆ. 'ಚಪಾಳೆ' ಎಂದು ಓದಿ ನನಗೆ ತಡೆಯಲಾಗಲಿಲ್ಲ, ಇನ್ನೊಂದು 'ಪಿ' ಸೇರಿಸಿ ನಿನ್ನ ಕನ್ನಡ ತಿದ್ದಿದೆ. ಪ್ಲಗಿನ್ನಿಗೆ ವ್ಯಾಕರಣ ಬೇಡವಂತೆ. ಪಿ ತೆಗೆದ ಮೇಲೆ ಮುಕ್ಕಾಲು ಪಾಲು ಚಪ್ಪಾಳೆ ಬಂತು. ಏನು ಕೈಗಳು ಮಾರಾಯ! ಇಲ್ಲಿ ಪಾಠಕ್ಕೆ ಬಂದಿದ್ದ ಮಕ್ಕಳು ಕೀಬೋರ್ಡ್ ಬಿಟ್ಟು ಕೈ ತಟ್ಟಲು ಶುರುಮಾಡಿದರು.

ಆದರೆ ಇನ್ನೂ ಕೆಲವು ಫೈಲು ಕಾಣೆ ಅನ್ನುತ್ತಿದೆ. ನಡುನಡುವೆ ತಾಳ ಹಲ್ಲು ಬಿದ್ದ ಬಾಯಿಯಂತೆ ಕೇಳುತ್ತದೆ. ಉಳಿದದ್ದು ಎಲ್ಲಿಟ್ಟಿದ್ದೀ? ಯಶಸ್ವಿ ದಿನಾ ಫೋನ್ ಮಾಡಿ ಆಯಿತಾ ಎಂದು ಕೇಳುತ್ತಿದ್ದಾಳೆ. ಬೇಗ ಕಳಿಸು.

ಲತೀಶ್


ಪುತ್ತೂರು
2 ಡಿಸೆಂಬರ್ 2024

ಲತೀಶ,

ಎರಡು ಮದುವೆ ವಿಡಿಯೋ, ಒಂದು ಶಾಲಾ ವಾರ್ಷಿಕೋತ್ಸವ, ಅದರ ನಡುವೆ ನಿನ್ನ ಈ ಕಾಟ. ಯಾವ ಫೈಲು ಎಲ್ಲಿದೆ ಎಂದು ಹುಡುಕುತ್ತ ಕೂರಲು ನನಗೆ ಪುರುಸೊತ್ತಿಲ್ಲ. ಪ್ರಾಜೆಕ್ಟಿಗೆ ಸಂಬಂಧಪಟ್ಟದ್ದನ್ನೆಲ್ಲ ಒಟ್ಟುಮಾಡಿ ಒಂದೇ ಫೋಲ್ಡರಿಗೆ ತುಂಬುವ ಆಜ್ಞೆಯೊಂದು ಸಾಫ್ಟ್‌ವೇರಿನಲ್ಲಿದೆ. ಅದನ್ನು ಒತ್ತಿದೆ, ಬಂದದ್ದನ್ನೆಲ್ಲ ಪೆನ್‌ಡ್ರೈವಿಗೆ ಹಾಕಿದೆ. ಇವತ್ತಿನ ಕಡಬ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟಿದ್ದೇನೆ, ಸ್ಟ್ಯಾಂಡಿಗೆ ಹೋಗಿ ತೆಗೆದುಕೋ.

ಎಲ್ಲವೂ ಅದರಲ್ಲುಂಟು. ಇನ್ನು ನನ್ನನ್ನು ಒಂದನ್ನೂ ಕೇಳಬೇಡ.

ಝಾಕಿರ್


ಮರ್ಕಂಜ
29 ಜನವರಿ 2025

ನನ್ನ ಪ್ರೀತಿಯ ಝಾಕಿರ್,

ನೀನು ಮದುವೆಗೆ ಬರಲಿಲ್ಲ ಎಂಬ ಸಿಟ್ಟು ಇನ್ನೂ ಇದೆ, ಆದರೂ ಈ ಪತ್ರ ನಿನಗೆ ಸಲ್ಲಬೇಕು.

ಪೆನ್‌ಡ್ರೈವ್ ಹಾಕಿದ ಕೂಡಲೇ ಎಲ್ಲ ಸರಿಯಾಯಿತು, ಕೆಂಪು ಪೆಟ್ಟಿಗೆ ಮಾಯ. ಅಷ್ಟೇ ಅಲ್ಲ. ಕೆಳಗೆ ಮಡಚಿಟ್ಟ ಒಂದು ಟ್ರ್ಯಾಕ್ ಕಂಡಿತು, ನೀನು ಅದನ್ನು ಮ್ಯೂಟ್ ಮಾಡಿದ್ದೆ. ತೆರೆದರೆ ನಿನ್ನ ಅಜ್ಜಿಯ ಹಾಡು! ನಾನು ಕುರ್ಚಿಯಿಂದ ಎದ್ದುಬಿಟ್ಟೆ. ನನಗೆಂದು ಇಟ್ಟಿದ್ದೀ, ಬಾಯಿಬಿಟ್ಟು ಹೇಳುವುದು ನಿನ್ನ ಜಾಯಮಾನವಲ್ಲ. ಕೇಳಬೇಡ ಎಂದು ಬೇರೆ ಬರೆದಿದ್ದೆಯಲ್ಲ, ಹಾಗಾಗಿ ಕೇಳದೆಯೇ ಹಾಕಿದೆ.

ನಿಮ್ಮ ಬ್ಯಾರಿ ಭಾಷೆ ನನಗೆ ಅಲ್ಲಲ್ಲಿ ಅರ್ಥವಾಗುತ್ತದೆ. ಮದುವೆ, ನೆಬೀಸ, ನೈಚೋರು ಎಂದೆಲ್ಲ ಬರುತ್ತದೆ, ನೈಚೋರು ಎಂದರೆ ನಿಮ್ಮ ತುಪ್ಪದನ್ನವಲ್ಲವಾ. ನಮ್ಮ ಸೋಬಾನೆಯ ಹಾಗೆ ಮದುಮಗಳನ್ನು ಹರಸುವ ಹಾಡು ಎಂದುಕೊಂಡೆ. ಯಶಸ್ವಿ ಅದಕ್ಕೆ ಹೆಜ್ಜೆ ಹಾಕಿ ಬರುವಾಗ ಪದ್ಮಯ್ಯ ಮಾವ ಕಣ್ಣೊರೆಸಿಕೊಂಡರು. ಅವಳ ಗೆಳತಿಯೊಬ್ಬಳು ವಿಡಿಯೋ ಹಾಕಿದ್ದಾಳೆ, ಎಲ್ಲ ಗ್ರೂಪುಗಳಲ್ಲಿ ಓಡುತ್ತಿದೆ. ಗೌಡರ ಮದುವೆಗೆ ಬ್ಯಾರಿ ಅಜ್ಜಿಯ ಹಾಡು, ನಮ್ಮ ಊರಿನ ಸೌಹಾರ್ದ ನೋಡಿ ಎಂದು ಜನ ಬರೆಯುತ್ತಿದ್ದಾರೆ. ಸುಳ್ಯದ ಆಟೋದವರೂ ಹಾಕಿಕೊಂಡಿದ್ದಾರೆ. ಅಜ್ಜಿಗೆ ತೋರಿಸು. ನನ್ನ ಪರವಾಗಿ ಅವರ ಪಾದಕ್ಕೆ ಬೀಳು.

ಖುಷಿಯಲ್ಲಿರುವ
ಲತೀಶ್


ಪುತ್ತೂರು
30 ಜನವರಿ 2025

ಲತೀಶ,

ಆ ವಿಡಿಯೋ ಈ ಕ್ಷಣವೇ ತೆಗೆಸು. ಓದಿ ಮುಗಿಸುವ ಮೊದಲು ಯಶಸ್ವಿಗೆ ಫೋನ್ ಮಾಡು, ಆಮೇಲೆ ಓದು.

ಅದು ಹರಸುವ ಹಾಡಲ್ಲ. ಬೀಗರನ್ನು ಕೀಟಲೆ ಮಾಡುವ ಹಾಡು. ನೆಬೀಸ ಎಂದರೆ ಜಾಲ್ಸೂರಿನ ನೆಬೀಸಮ್ಮ, ನನ್ನ ತಂಗಿ ಲೈಲಾಳ ಅತ್ತೆ. ಲೈಲಾಳ ಮದುವೆಯ ಮರುದಿನ ನಮ್ಮವರು ಅವರ ಮನೆಗೆ ಊಟಕ್ಕೆ ಹೋದಾಗ ಅಜ್ಜಿ ಕಟ್ಟಿ ಹಾಡಿದ್ದು. 'ನೆಬೀಸನ ನೈಚೋರಿನಲ್ಲಿ ಮಾಂಸ ಹುಡುಕಬೇಕು, ಯಾರಾದರೂ ಟಾರ್ಚ್ ತನ್ನಿ' ಎಂದು ಅದರ ಅರ್ಥ. ಒಳಕೋಣೆಯಲ್ಲಿ ಹುಟ್ಟಿ ಒಳಕೋಣೆಯಲ್ಲೇ ನಗೆಯಾಗಿ ಮುಗಿಯಬೇಕಾದ ಮಾತು ಅದು. ಈಗ ನೆಬೀಸಮ್ಮನ ಜಿಪುಣತನವನ್ನು ಸುಳ್ಯದ ಆಟೋಗಳು ಸಾರುತ್ತಿವೆ.

ಹಾಡದೆ ಕೈ ತಟ್ಟಿದರೆ ತಾಳ ಕೂರುವುದಿಲ್ಲ ಎಂದು ರೆಕಾರ್ಡಿಂಗಿನ ದಿನ ಅವರು ಹಾಡಿದ್ದರು. ಮೊದಲೇ ಅಜ್ಜಿ ಹೇಳಿದ್ದರು: "ಕೈ ನಿನಗೆ, ಬಾಯಿ ನಮಗೆ. ಹಾಡಿದ್ದನ್ನು ಅಳಿಸಿಬಿಡ್ಬೇಕು." ಅಳಿಸುತ್ತೇನೆ ಎಂದೆ. ಅಳಿಸಿದ್ದೇನೆ ಎಂದೂ ಹೇಳಿದೆ. ಅಳಿಸಿರಲಿಲ್ಲ. ಚಪ್ಪಾಳೆ ಕತ್ತರಿಸುವಾಗ ತಾಳಕ್ಕೆ ಬೇಕಾಗುತ್ತದೆ ಎಂದು ಇಡೀ ರೆಕಾರ್ಡಿಂಗನ್ನು ಮ್ಯೂಟ್ ಮಾಡಿಟ್ಟೆ. ನಿಜ ಹೇಳಬೇಕೆಂದರೆ ಕೆಲಸ ಮುಗಿದ ಮೇಲೂ ಅಳಿಸಲು ಮನಸ್ಸು ಬರಲಿಲ್ಲ, ಅಷ್ಟು ಚೆನ್ನಾಗಿತ್ತು. ಒಟ್ಟುಮಾಡು ಎಂದು ಒತ್ತಿದರೆ ಸಾಫ್ಟ್‌ವೇರು ಮ್ಯೂಟ್ ಆದದ್ದನ್ನೂ ಬಿಡದೆ ಒಟ್ಟುಮಾಡುತ್ತದೆ. ನಿನಗೆ ಫೈಲುಗಳ ಬಗ್ಗೆ ಪಾಠ ಹೇಳಿದವನಿಗೆ ಅದು ಹೊಳೆಯಲಿಲ್ಲ.

ನಾನು ಕೇಳಬೇಡ ಎಂದದ್ದು ಇನ್ನು ಪ್ರಶ್ನೆ ಹಾಕಬೇಡ ಎಂದು. ಕಿವಿಗೊಡಬೇಡ ಎಂಬ ಅರ್ಥದಲ್ಲಿ ಬರೆಯಬೇಕಿತ್ತು.

ಝಾಕಿರ್


ಮರ್ಕಂಜ
3 ಫೆಬ್ರವರಿ 2025

ಝಾಕಿರ್,

ವಿಡಿಯೋ ಅಂದೇ ತೆಗೆಸಿದೆ. ಆ ಗೆಳತಿ ತೆಗೆದರೆ ಏನಾಯಿತು, ಜನರ ಫೋನಿನಲ್ಲಿ ಇದ್ದದ್ದನ್ನು ಯಾರು ತೆಗೆಯುತ್ತಾರೆ? ಗೊತ್ತಿದ್ದವರಿಗೆಲ್ಲ ಒಬ್ಬೊಬ್ಬರಿಗೇ ಬರೆದೆ. ಕೆಲವರು ಅಳಿಸಿದರು. ಕೆಲವರು ಯಾಕೆಂದು ಕೇಳಿದರು. ಯಾಕೆಂದು ಹೇಳಿದರೆ ನೆಬೀಸಮ್ಮನ ಮಾನ ಇನ್ನಷ್ಟು ಹೋಗುತ್ತದೆ, ಹೇಳದಿದ್ದರೆ ಅಳಿಸುವುದಿಲ್ಲ. ಒಬ್ಬ ದೊಡ್ಡ ಮನುಷ್ಯರು, "ಸೌಹಾರ್ದ ನಿಮಗೆ ಬೇಡವಾ?" ಎಂದು ನನಗೇ ಬುದ್ಧಿ ಹೇಳಿದರು.

ಅರ್ಧಂಬರ್ಧ ಅರ್ಥವಾದದ್ದನ್ನು ಪೂರ್ತಿ ಅರ್ಥವಾಯಿತು ಎಂದುಕೊಂಡೆ. ನಾಚಿಕೆಯಾಗುತ್ತಿದೆ ಕಣೋ. ಸುಳ್ಯ ಪೇಟೆಯಲ್ಲಿ ಬುರ್ಖಾ ಹಾಕಿದ ಹೆಂಗಸರು ಎದುರಾದರೆ, ಇವರು ಜಾಲ್ಸೂರಿನವರಾ ಎಂದು ತಲೆ ತಗ್ಗಿಸಿ ಆಚೆ ಬದಿಗೆ ಹೋಗುತ್ತೇನೆ.

ಅಮ್ಮನಿಗೆ ಎಲ್ಲ ಹೇಳಿದೆ. ಊರಿನ ಸೋಬಾನೆಗೆಲ್ಲ ನನ್ನ ಅಮ್ಮ ದಮಯಂತಿಯದೇ ಮುಂದಾಳತ್ವ ಎಂದು ನಿನಗೆ ಗೊತ್ತಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಇದಕ್ಕೆ ಎದುರು ಹಾಡಿದವರು ಎಲ್ಲಿ? ಅದು ಯಾಕೆ ಇಲ್ಲ?" ಎಂದು ಕೇಳಿದರು. ನಿನಗೆ ಗೊತ್ತುಂಟಾ?

ಅಜ್ಜಿಗೆ ಹೇಳಿದೆಯಾ?

ಲತೀಶ್


ಪುತ್ತೂರು
21 ಫೆಬ್ರವರಿ 2025

ಲತೀಶ,

ತಡವಾಯಿತು. ನಿನ್ನ ಮೇಲಿನ ಸಿಟ್ಟಲ್ಲ, ಬರೆಯಲು ಕೂತರೆ ಕೈ ಏಳುತ್ತಿರಲಿಲ್ಲ.

ನಾನು ಅಜ್ಜಿಗೆ ಹೇಳಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡು ದಿನ ದೂಡಿದೆ. ಅಜ್ಜಿ ಬಿಪಿ ತೋರಿಸಲು ಆಸ್ಪತ್ರೆಗೆ ಹೋದಾಗ ಪಕ್ಕದಲ್ಲಿ ಕೂತ ಹೆಂಗಸು ಫೋನಿನಲ್ಲಿ ಅದನ್ನೇ ಹಾಕಿದ್ದಾಳೆ. ತನ್ನ ಸ್ವರವೆಂದು ಅಜ್ಜಿಗೆ ಮೊದಲು ಗೊತ್ತೇ ಆಗಲಿಲ್ಲವಂತೆ. ಯಾರೋ ಮುದುಕಿ ಚೆನ್ನಾಗಿ ಹಾಡುತ್ತಾಳಲ್ಲ ಎಂದು ಕಿವಿಗೊಟ್ಟರಂತೆ. ನೆಬೀಸ ಎಂಬ ಹೆಸರು ಬಂದ ಮೇಲೆಯೇ ತಿಳಿದದ್ದು. ಡಾಕ್ಟರಿಗೆ ತೋರಿಸದೆ ಮನೆಗೆ ಬಂದರು.

"ಅಳಿಸಿದ್ದೇನೆ ಹೇಳಿದ್ದಿ ಅಲ್ವಾ?" ಎಂದು ಅಷ್ಟೇ ಕೇಳಿದರು. ನಾನು ಸಾಫ್ಟ್‌ವೇರು, ಪೆನ್‌ಡ್ರೈವು ಎಂದು ಏನೇನೋ ವಿವರಿಸಲು ಹೋದೆ. ಕೇಳಿಸಿಕೊಂಡು, "ಅದೆಲ್ಲ ನಂಗೆ ಗೊತ್ತಾಗುದಿಲ್ಲ. ನೀನು ಅಳಿಸಿದ್ದೇನೆ ಹೇಳಿದ್ದಿ" ಎಂದರು. ಭೂಮಿ ಬಾಯಿಬಿಡಬಾರದೇ ಅನಿಸಿತು.

ನಿನ್ನ ಅಮ್ಮ ಕೇಳಿದ್ದನ್ನು ಅಜ್ಜಿಯ ಹತ್ತಿರ ಕೇಳಿದೆ. ಅವರು ನನ್ನನ್ನು ನೋಡಿದ ರೀತಿ ಇದೆಯಲ್ಲ, ಇಷ್ಟೂ ಗೊತ್ತಿಲ್ಲವಾ ನಿನಗೆ ಅನ್ನುವ ಹಾಗೆ. ಒಂದು ಕಡೆಯವರು ಕೀಟಲೆ ಹಾಡಿದರೆ ಇನ್ನೊಂದು ಕಡೆಯವರು ಅಲ್ಲೇ ಕೂತು ಎದುರು ಹಾಡಲೇಬೇಕಂತೆ. ಎದುರು ಹಾಡಿದರೆ ಅದು ತಮಾಷೆ, ಇಲ್ಲದಿದ್ದರೆ ಬೈಗುಳ. ಆ ದಿನ ನೆಬೀಸಮ್ಮ ನಿಂತ ನಿಲುವಿನಲ್ಲೇ ಕಟ್ಟಿ ಹಾಡಿದ್ದರಂತೆ. "ನನ್ನನ್ನು ಸೋಲಿಸಿಬಿಟ್ಟಳು" ಎಂದರು ಅಜ್ಜಿ. ನಮ್ಮ ಮನೆಯಲ್ಲಿ ರೆಕಾರ್ಡ್ ಮಾಡುವಾಗ ಇದ್ದದ್ದು ನಮ್ಮ ಕಡೆಯ ಹೆಂಗಸರು ಮಾತ್ರ. ಬಾಗಿಲಾಚೆಗೇ ಬೆಳೆದ ಗಂಡಸು ನಾನು, ಅರ್ಧ ಹಾಡನ್ನು ಪೂರ್ತಿ ಹಾಡೆಂದು ಇಟ್ಟುಕೊಂಡಿದ್ದೆ.

ಮಾಂಸ ಯಾಕೆ ಕಡಿಮೆಯಾಯಿತು ಎಂದು ಲೈಲಾ ಫೋನಿನಲ್ಲಿ ಹೇಳಿದಳು. ಒಂದು ಬಸ್ಸು ಜನ ಎಂದು ಹೇಳಿ ಎರಡು ಬಸ್ಸು ಕರೆದುಕೊಂಡು ಹೋದವರು ನಾವೇ. ನೆಬೀಸಮ್ಮ ಎಲ್ಲರಿಗೂ ಬಡಿಸಿ ತಾನು ಗಂಜಿ ಕುಡಿದು ಮಲಗಿದ್ದರಂತೆ. ಈಗ ಅವರು ಯಾವ ಮದುವೆಗೂ ಹೋಗುತ್ತಿಲ್ಲ. ಲೈಲಾಳಿಗೆ ಒಂದು ಮಾತೂ ಅಂದಿಲ್ಲ. "ಅಂದಿದ್ರೆ ಒಳ್ಳೆದಿತ್ತು ಅಣ್ಣ" ಎಂದು ಅವಳು ಅತ್ತಳು.

ಝಾಕಿರ್


ಕಡಬ
12 ಮಾರ್ಚ್ 2025

ಝಾಕಿರ್,

ಉಪವಾಸದ ದಿನಗಳು, ನಿನಗೆ ತೊಂದರೆ ಕೊಡಬಾರದು ಎಂದುಕೊಂಡೆ. ಆದರೆ ನನಗೊಂದು ದಾರಿ ಹೊಳೆದಿದೆ.

ನೆಬೀಸಮ್ಮನ ಎದುರು ಹಾಡನ್ನು ರೆಕಾರ್ಡ್ ಮಾಡೋಣ. ಅದೇ ಚಪ್ಪಾಳೆಯ ಮೇಲೆ, ಅಜ್ಜಿಯ ಹಾಡಿನ ಹಿಂದೆಯೇ ಅವರದ್ದು ಬರುವಂತೆ ಮಾಡಿ ಹಾಕೋಣ. ಮೊದಲನೆಯದನ್ನು ಕೇಳಿದವರೆಲ್ಲ ಇದನ್ನೂ ಕೇಳಲಿ. ಗೆದ್ದವರು ಯಾರೆಂದು ಊರಿಗೆ ತಿಳಿಯಲಿ. ಕಾಲು ಹಿಡಿಯುವ ಕೆಲಸ ನನ್ನದು, ಜಾಲ್ಸೂರಿಗೆ ನಾನೂ ಬರುತ್ತೇನೆ. ಯಶಸ್ವಿಯೂ ಬರುತ್ತೇನೆ ಅನ್ನುತ್ತಿದ್ದಾಳೆ. ಅವಳು ತನ್ನ ಮದುವೆಯ ವಿಡಿಯೋವನ್ನೇ ನೋಡುತ್ತಿಲ್ಲ.

ಏನಾದರೂ ಹೇಳು. ಹೆಬ್ಬೆರಳು ಎತ್ತಿದರೂ ಸಾಕು.

ಲತೀಶ್


ಪುತ್ತೂರು
9 ಏಪ್ರಿಲ್ 2025

ಲತೀಶ,

ಹಬ್ಬ ಮುಗಿದ ಮೇಲೆ ಅಜ್ಜಿ ಮತ್ತು ನಾನು ಜಾಲ್ಸೂರಿಗೆ ಹೋಗಿ ಬಂದೆವು. ನಿನ್ನನ್ನು ಕರೆಯೋಣವಾ ಎಂದು ಅಜ್ಜಿಯನ್ನು ಕೇಳಿದ್ದೆ. "ಆ ಹುಡುಗನಿಗೆ ಗೊತ್ತಿರ್ಲಿಲ್ಲ. ನಿನಗೆ ಗೊತ್ತಿತ್ತು" ಎಂದರು. ಅದಕ್ಕೇ ಕರೆಯಲಿಲ್ಲ.

ನೆಬೀಸಮ್ಮ ಬಾಗಿಲಿಗೆ ಬಂದು ಸಲಾಂ ಹೇಳಿ ಒಳಗೆ ಕರೆದರು. ಮುಖದಲ್ಲಿ ಸಿಟ್ಟಿಲ್ಲ, ಏನೂ ಇಲ್ಲ. ಅಜ್ಜಿ ಅವರ ಕೈ ಹಿಡಿದು, "ನನ್ನ ಬಾಯಿಂದ ಹೋದದ್ದು ನೆಬೀಸ, ನನ್ನ ಮೊಮ್ಮಗನಿಂದ ಊರಿಗೆ ಹೋಯ್ತು. ಒಳಗೆ ನಡಿ, ನಾನು ಹಾಡ್ತೇನೆ, ನೀನು ಎದುರು ಹಾಡು. ಇನ್ನೊಂದ್ಸಲ ಸೋಲಿಸು ನನ್ನನ್ನು" ಎಂದರು. ನೆಬೀಸಮ್ಮ ಸ್ವಲ್ಪ ನಕ್ಕರು. ಇಬ್ಬರೂ ಲೈಲಾಳೂ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಚಾವಡಿಯಲ್ಲಿ ಕೂತೆ.

ಚಪ್ಪಾಳೆ ಶುರುವಾಯಿತು. ಅಜ್ಜಿ ಹಾಡಿದರು, ಟಾರ್ಚ್ ತನ್ನಿ ಎನ್ನುವಲ್ಲಿ ಮೊದಲಿನ ಹಾಗೆಯೇ ಸ್ವರ ಏರಿಸಿದರು. ಆಮೇಲೆ ಚಪ್ಪಾಳೆ ಮಾತ್ರ ಕೇಳುತ್ತಿತ್ತು. ಚಪ್ಪಾಳೆಯೂ ನಿಂತಿತು. ಲೈಲಾ ಹೊರಗೆ ಬಂದಳು.

"ಎಂತ ಆಯ್ತು?" ಎಂದೆ.

"ಅತ್ತೆ ಹಾಡ್ಲಿಕ್ಕೆ ಬಾಯಿ ತೆರೆದ್ರು ಅಣ್ಣ. ಬಾಗಿಲ ಕಡೆ ನೋಡಿದ್ರು. ಮತ್ತೆ, ಝಾಕಿರ್‌ನ ಫೋನ್ ಎಲ್ಲಿ ಉಂಟು ಕೇಳಿದ್ರು."

ಫೋನು ನನ್ನ ಕಿಸೆಯಲ್ಲಿತ್ತು. ರೆಕಾರ್ಡ್ ಮಾಡುತ್ತಿರಲಿಲ್ಲ, ನಿನ್ನ ಮೇಲೆ ಆಣೆ. ಆಫ್ ಮಾಡಿ ಅವಳ ಕೈಗೆ ಕೊಟ್ಟೆ, ಬೇಕಾದರೆ ನಾನು ರಸ್ತೆಗೆ ಹೋಗಿ ನಿಲ್ಲುತ್ತೇನೆ ಎಂದೆ. ಲೈಲಾ ಒಳಗೆ ಹೋಗಿ ಬಂದಳು. "ಬೇಡ ಅಂತೆ. ಈಗ ಬಾಯಿಗೆ ಬರುದಿಲ್ಲ ಅಂತೆ." ನಿನ್ನ ಯೋಜನೆಯ ಮಾತನ್ನು ನಾನು ಎತ್ತಲೇ ಇಲ್ಲ. ಇನ್ನು ಮುಂದೆ ನೀನೂ ಎತ್ತಬೇಡ.

ಊಟ ಮಾಡದೆ ಬಿಡಲಿಲ್ಲ. ನೈಚೋರು. ನೆಬೀಸಮ್ಮನೇ ಬಂದು ನನ್ನ ತಟ್ಟೆಗೆ ಮಾಂಸ ಬಡಿಸಿದರು. ಸಾಕು ಎಂದರೂ ಬಡಿಸಿದರು, ಅನ್ನ ಕಾಣದಷ್ಟು ಬಡಿಸಿದರು. ತಲೆ ಎತ್ತದೆ ಅಷ್ಟನ್ನೂ ತಿಂದೆ. ತಟ್ಟೆಯಲ್ಲಿ ಒಂದು ತುಂಡು ಬಿಡುವ ಧೈರ್ಯವಾಗಲಿಲ್ಲ. ಹೊರಡುವಾಗ ಅಜ್ಜಿ ಮತ್ತು ಅವರು ಬಹಳ ಹೊತ್ತು ತಬ್ಬಿಕೊಂಡು ನಿಂತರು. ಅವರಿಬ್ಬರ ನಡುವೆ ಸರಿಯಾಗಿದೆ ಎಂದೇ ನನಗೆ ಅನಿಸುತ್ತದೆ. ಲೈಲಾಳೂ ಇನ್ನು ಅಳಲಿಕ್ಕಿಲ್ಲ. ನನ್ನ ಲೆಕ್ಕ ಬೇರೆ.

ವಾಪಸು ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ಫೋನು ರಿಂಗಾಯಿತು. ಅದೇ ಹಾಡು, ನೀನು ಹಾಕಿದ ಕೊಳಲಿನ ಸಮೇತ. ನಾನು ಕಿಟಕಿಯ ಕಡೆ ತಿರುಗಿದೆ. ಅಜ್ಜಿ ಮುಂದಕ್ಕೆ ಬಾಗಿ ಅವಳ ಭುಜ ಮುಟ್ಟಿದರು.

"ಮಗಳೇ, ಈ ಹಾಡಿಗೆ ಎದುರು ಹಾಡು ಉಂಟು. ಇದಕ್ಕಿಂತ ಚಂದ ಉಂಟು."

"ಹೌದಾ ಅಜ್ಜಿ? ನಾನು ಕೇಳ್ಲೇ ಇಲ್ಲ. ಎಲ್ಲಿ ಸಿಗ್ತದೆ?"

ಅಜ್ಜಿ ನನ್ನ ಮುಖ ನೋಡಿದರು. ಮತ್ತೆ ಅವಳಿಗೆ ಹೇಳಿದರು.

"ಉಂಟು ಅಲ್ಲ ಮಗಳೇ. ಇತ್ತು."

ಝಾಕಿರ್